ನಲವತ್ತು ಕಮ್ಮಿ

ನನ್ನ ಬಿಳಿ ಬನಿಯನ್ ಮೇಲೆ ಹಸಿರು ಕಲೆ. ಎರಡು ಸಲ ಉಜ್ಜಿದರೂ ಹೋಗಿಲ್ಲ. ಕಾರಣ ರೂಲೆಟ್ ಅನ್ನೋ ಜೂಜಿನ ಚಕ್ರದ ಸೊನ್ನೆ.

ಭಾನುವಾರ ಪೇಪರ್ ಬಿಡಿಸುವ ಹೊತ್ತಿಗೆ ಸರಿಯಾಗಿ ಅಕ್ಕ-ಭಾವ ಬಂದರು. ಭಾವನ ಕಂಕುಳಲ್ಲಿ ಬ್ಯಾಂಕಿನವರು ಕೊಟ್ಟ ಡೈರಿ. ಒಳಗೆ ಯಾವುದೋ ಆನ್‌ಲೈನ್ ಕ್ಯಾಸಿನೋದಲ್ಲಿ ಹದಿನೈದು ದಿನ ಬಿದ್ದ ಅಂಕಿಗಳು. ಕೆಂಪಿಗೆ ಕೆಂಪು ಪೆನ್ನು, ಕಪ್ಪಿಗೆ ಕಪ್ಪು. ಸೊನ್ನೆ ಮಾತ್ರ ಹಸಿರು, ಅದಕ್ಕೆ ನನ್ನ ಮಗಳ ಸ್ಕೆಚ್ ಪೆನ್ನೇ ಆಗಬೇಕು.

"ಇದರಲ್ಲೊಂದು ಲೆಕ್ಕ ಇದೆ ಕಣೋ. ನೀನು ಅಂಕಿ ಕೂಗು, ನಾನು ಬರ್ಕೋತೀನಿ."

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರಲ್ಲೇ ಕಾನೂನು ಬೀಗ ಜಡಿದಿದೆ. ಹಾಗಾಗಿ ಪರೀಕ್ಷೆ ಪುಕ್ಕಟೆ ನಾಣ್ಯದಲ್ಲಿ. ಬಂಡವಾಳ 10,000. ಕೆಂಪಿಗೆ ಹತ್ತು ಕಟ್ಟೋದು, ಸೋತರೆ ಇಪ್ಪತ್ತು, ಮತ್ತೆ ಸೋತರೆ ನಲವತ್ತು. ಯಾವಾಗ ಗೆದ್ದರೂ ಹೋದದ್ದೆಲ್ಲ ವಾಪಸ್ಸು, ಮೇಲೆ ಹತ್ತು ಲಾಭ. ಇದಕ್ಕೆ ಮಾರ್ಟಿಂಗೇಲ್ ಅಂತ ಹಳೇ ಹೆಸರಿದೆ, ನಂಬಿ ಕೆಟ್ಟವರೂ ಹಳಬರೇ. "1913ರಲ್ಲಿ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಕಪ್ಪೇ ಒಂದೇ ಸಮ 26 ಸಲ ಬಿತ್ತಂತೆ ಭಾವ" ಅಂದೆ.

"ಅವರು ಡೈರಿ ಇಟ್ಟಿರಲಿಲ್ಲ."

ಒಂದೂವರೆ ಗಂಟೆ ಕೂಗಿದೆ. ಉಪ್ಪಿಟ್ಟು ಕಲ್ಲಾಯಿತು. ಲಾಭ 190. ಆಮೇಲೆ ಶುರುವಾಯಿತು ಕಪ್ಪಿನ ಸಾಲು. ಐದನೇದಕ್ಕೆ ಭಾವ ಕೈ ಉಜ್ಜಿಕೊಂಡು "ಇನ್ನು ಕೆಂಪು ಬರಲೇಬೇಕು" ಅಂದರು. 37 ಮನೆಯಲ್ಲಿ ಕೆಂಪು ಇರೋದು ಹದಿನೆಂಟೇ, ಹಿಂದೆ ಏನು ಬಿತ್ತು ಅಂತ ಚಕ್ರ ನೆನಪಿಟ್ಟುಕೊಳ್ಳಲ್ಲ ಅಂತ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಎಂಟನೇದು ಸೊನ್ನೆ. ಸ್ಕೆಚ್ ಪೆನ್ ಒಣಗಿತ್ತು. ಹಿಂದಿನ ಬಿರಡೆ ಕಿತ್ತು, ನಾಲ್ಕು ಹನಿ ನೀರು ಬಿಟ್ಟು, ಜೋರಾಗಿ ಜಾಡಿಸಿದರು. ಎದುರಿಗೆ ನಾನಿದ್ದೆ.

ಒಂಬತ್ತನೇದೂ ಕಪ್ಪು. ಮುಂದಿನ ಪಂದ್ಯಕ್ಕೆ ಬೇಕಾದದ್ದು 5,120. ಉಳಿದದ್ದು 5,080.

"ನಲವತ್ತು ಕಮ್ಮಿ ಬಿತ್ತು" ಎಂದು ಭಾವ ಡೈರಿಯನ್ನೇ ನೋಡುತ್ತಾ ಕೂತರು. ಮತ್ತೊಮ್ಮೆ ಕೂಡಿಸಿದರು. ಆಗಲೂ ನಲವತ್ತೇ. ಆಮೇಲೆ ದನಿ ತಗ್ಗಿಸಿ, ಅಡುಗೆಮನೆ ಕಡೆ ಒಂದು ಕಣ್ಣಿಟ್ಟು, "ನಿನ್ನ ಹತ್ರ ನಲವತ್ತು ಇದ್ಯೇನೋ?"

"ಪುಕ್ಕಟೆ ನಾಣ್ಯ ಭಾವ! ಪೇಜ್ ರಿಫ್ರೆಶ್ ಮಾಡಿ, ಮತ್ತೆ ಹತ್ತು ಸಾವಿರ ಬರುತ್ತೆ."

"ಅದು ಬೇರೆ ದುಡ್ಡು. ಇದಕ್ಕೆ ಬೇಕಾಗಿರೋದು ನಲವತ್ತು."

ನಾಚಿಕೆಗೇಡು ಏನೆಂದರೆ, ನನ್ನ ಕೈ ಆಗಲೇ ಗೂಟದಲ್ಲಿದ್ದ ಅಂಗಿಯ ಜೇಬಿಗೆ ಹೋಗಿತ್ತು.

ನಮ್ಮ ದೊಡ್ಡಪ್ಪನೂ ಹೀಗೇ ಓಸಿ ನಂಬರಿಗೆ ಬೀಡಿ ಕಟ್ಟಿನ ಕಾಗದದ ಮೇಲೆ ಲೆಕ್ಕ ಹಾಕೋರು. ಬೆಳಿಗ್ಗೆ ನಮ್ಮನ್ನು ಎಬ್ಬಿಸಿ "ಕನಸಲ್ಲಿ ಏನು ಬಂತೋ ಮಗ?" ಅಂತ ಕೇಳೋರು. ಹಾವು ಅಂದರೆ ಒಂದು ನಂಬರು, ಆನೆ ಅಂದರೆ ಇನ್ನೊಂದು. ಅವರ ಖುಷಿಗೆ ನಾನು ಬೀಳದ ಕನಸೂ ಹೇಳಿದ್ದುಂಟು. ಅಷ್ಟು ಆಸೆಯಿಂದ ನನ್ನ ಕನಸನ್ನು ಆಮೇಲೆ ಯಾರೂ ಕೇಳಿಲ್ಲ.

ಮಗಳು ಬಣ್ಣ ಹೋದ ಪೆನ್ನು ಹಿಡಿದು ಅಳುಮುಖ ಮಾಡಿ ನಿಂತಳು. ಹೊಸ ಬಾಕ್ಸ್ ತರ್ತೀನಿ ಅಂತ ಚಪ್ಪಲಿ ಮೆಟ್ಟಿದೆ. ಭಾವ ಡೈರಿಯಿಂದ ತಲೆ ಎತ್ತದೆ ಹೇಳಿದರು:

"ಹಸಿರು ಎರಡು ಇರೋದು ತಗೊಂಡು ಬಾ."