ಗಾಡಿಗಿ ವಯಸ್ಸಾಗ್ಯಾದ್ರಿ!

ಮೊನ್ನೆ ಕಮಲಾಪುರದ ಏರಿನಲ್ಲಿ ಒಂದು ಟಂಟಂ ಆಟೋ ನನ್ನ ಕಾರನ್ನು ಹಿಂದೆ ಹಾಕಿತು. ಅದರಲ್ಲಿದ್ದ ಎರಡು ಆಡುಗಳು ಮೆಲುಕು ಹಾಕುತ್ತ, ತಿರುವು ಬರುವ ತನಕ ನನ್ನನ್ನೇ ನೋಡಿದವು. ನಾನು ಆಕ್ಸಿಲರೇಟರ್ ನೆಲಕ್ಕೊತ್ತಿ ಕೂತಿದ್ದೆ. ಗಾಡಿ ಮಾತ್ರ ಕರಿಹೊಗೆ ಕಾರುತ್ತ ನರಳುತ್ತಿತ್ತು.

ಅಪ್ಪ ಕೊಂಡ ಡೀಸೆಲ್ ಗಾಡಿ. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಓಡಿದ ಕಿಲೋಮೀಟರ್ ಬರೆದು, ಲೀಟರಿನಿಂದ ಭಾಗಿಸಿ, 18 ಬಂದರೆ ಅಡಿಗೆರೆ ಎಳೆಯುತ್ತಿದ್ದರು. ಆ ಡೈರಿ ಇನ್ನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಅವರ ಅಂಕಿಗಳ ಕೆಳಗೆ ನನ್ನ 12 ಬರೆಯಲು ಕೈ ಬರಲಿಲ್ಲ.

ನಮ್ಮ ಮಿಸ್ತ್ರಿಗೆ ಎಲ್ಲಕ್ಕೂ ಒಂದೇ ಉತ್ತರ: "ಗಾಡಿಗಿ ವಯಸ್ಸಾಗ್ಯಾದ್ರಿ ಸರ." ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಕಣ್ಣು ಮುಚ್ಚಿ ಒಂದು ಕೈ ಎತ್ತಿದರೆ ಯಾರೂ ಉಸಿರೆತ್ತುವಂತಿಲ್ಲ. ಚಹಾ ತಂದ ಹುಡುಗನೂ ಗ್ಲಾಸು ಹಿಡಿದು ಕಂಬವಾಗಬೇಕು. "ರೇಸ್ ಕೊಡ್ರಿ." ಕೊಟ್ಟೆ. "ಇನ್ನಾ ಕೊಡ್ರಿ." ಕೊಟ್ಟೆ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, "ಆವಾಜ್ ಮಸ್ತ್ ಅದಾ!" ಚಹಾ ಆರಿತ್ತು. ನಿಂತಲ್ಲಿ ಗಾಡಿ ಬಲು ಸಾಧು, ಮಾಸ್ತರು ಬಂದಾಗ ಪುಸ್ತಕ ಹಿಡಿಯುವ ಹುಡುಗನ ಹಾಗೆ.

ಏರ್ ಫಿಲ್ಟರ್ ಕೊಡವಿದರೆ ತೊಗರಿ ರಾಶಿ ಮಾಡಿದಷ್ಟು ಧೂಳು. ಬದಲಿಸಿದೆ. ಡೀಸೆಲ್ ಫಿಲ್ಟರ್ ಬದಲಿಸಿದೆ. ಇಂಜೆಕ್ಟರ್ ಬಿಚ್ಚಿಸಿದೆ, ಸ್ವಲ್ಪ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನ ಮಸಿ ಕೆರೆಸಿದೆ. ಪ್ರತಿ ಸಲವೂ ಹಗುರಾಗಿದ್ದು ನನ್ನ ಜೇಬು.

ಕೊನೆಗೆ ಹಟ ಹಿಡಿದೆ: "ಬರ್ರಿ, ಏರಿನ್ಯಾಗ ಕೂತು ನೋಡ್ರಿ." ಮಿಸ್ತ್ರಿ ಬಂದರು. ಜೊತೆಗೆ ಅವರ ಹುಡುಗ, ಬೈಕ್ ರಿಪೇರಿಗೆ ಕೊಟ್ಟು ಕೂತಿದ್ದ ಗಿರಾಕಿ, ಆ ಗಿರಾಕಿಯ ಜೋಳದ ಚೀಲ. ಇಷ್ಟು ಭಾರಕ್ಕೆ ಗಾಡಿ ಕಡೆಗೂ ಬಾಯಿಬಿಟ್ಟಿತು. ಬಾನೆಟ್ಟಿನೊಳಗಿಂದ ಕುಕ್ಕರು ಸೀಟಿ ಹೊಡೆಯುವ ಮುಂಚಿನ ಹಾಗೆ ಸುಂಯ್ ಅಂತ ಸದ್ದು.

ನಿಲ್ಲಿಸಿದೆವು. ಹುಡುಗ, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಗೆ ಕೈ ಹಾಕಿದ. ಬೆರಳಿಗೆ ಎಣ್ಣೆ. ಹಿಂಡಿದಾಗ ಬೆರಳುದ್ದದ ಸೀಳು ಮೀನಿನ ಬಾಯಿಯಂತೆ ತೆರೆಯಿತು. ಬಿಟ್ಟರೆ ಮುಚ್ಚಿತು. ನಿಂತಾಗ ಒತ್ತಡವಿಲ್ಲ, ಸೀಳು ಕಾಣದು. ಏರಿನಲ್ಲಿ ಟರ್ಬೋ ಒತ್ತಿದ ಗಾಳಿಯೆಲ್ಲ ಅಲ್ಲಿಂದಲೇ ಪಾರು. ಗಾಳಿ ಸಾಲದೆ ಡೀಸೆಲ್ ಅರೆಬೆಂದು ಕರಿಹೊಗೆಯಾಗುತ್ತಿತ್ತು. ನಾನು ಇನ್ನಷ್ಟು ತುಳಿಯುತ್ತಿದ್ದೆ.

ಇಷ್ಟು ತಿಂಗಳು ಒಂದು ಪೈಪು!

ಮಿಸ್ತ್ರಿ ಅದನ್ನು ಬಿಚ್ಚಿ, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ಗೆದ್ದವರ ಕಳೆ.

"ನಾ ಮೊದಲs ಹೇಳಿದ್ದಿಲ್ಲೇನ್ರಿ ಸರ? ರಬ್ಬರಿಗಿ ವಯಸ್ಸಾಗ್ಯಾದ."