ಬಡವರ ಬಂದು

ಹೋದ ವಾರ ನಮ್ಮೂರಿನ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಎದ್ದಿತು. ಮರಿ ನಾಯಕರೊಬ್ಬರ ಹುಟ್ಟುಹಬ್ಬ. ಕಪ್ಪು ಕನ್ನಡಕ, ಜೋಡಿಸಿದ ಕೈ, ಸುತ್ತಲೂ ಅಂಚೆಚೀಟಿಯಷ್ಟಗಲದ ಅಭಿಮಾನಿ ಮುಖಗಳು. ಎಲ್ಲದರ ನೆತ್ತಿಯ ಮೇಲೆ, ಬಣ್ಣದ ಡಬ್ಬಿಗೆ ಪೊರಕೆ ಅದ್ದಿ ಗೀಚಿದಂಥ ದಪ್ಪ ಕುಂಚದಕ್ಷರಗಳಲ್ಲಿ, ‘ಬಡವರ ಬಂದು’. ಬಂದು ಏನು ಮಾಡಿದರು ಎಂಬುದನ್ನು ಬರೆದಿರಲಿಲ್ಲ.

ಕಾಗುಣಿತದ ತಪ್ಪೇನೋ ಎಂದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದೆ. ತಪ್ಪಿರಲಿಲ್ಲ. ಧಕಾರದ ಬುಡದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಉಳಿದಿತ್ತು. ಹೊಟ್ಟೆ ಸೀಳಿದರೆ ಮಹಾಪ್ರಾಣ ಎಂದು ಒಂದನೆಯ ತರಗತಿಯಲ್ಲೇ ಕಲಿತವರು ನಾವು. ದನಕ್ಕೂ ಧನಕ್ಕೂ ನಡುವೆ ಇರುವುದು ಆ ಒಂದು ಸೀಳು ಮಾತ್ರ. ದಪ್ಪ ಕುಂಚದಕ್ಷರಕ್ಕೆ ಅಷ್ಟು ಸಣ್ಣ ಜಾಗವನ್ನು ಖಾಲಿ ಬಿಡುವ ತಾಳ್ಮೆಯಿಲ್ಲ, ಬಣ್ಣ ತುಂಬಿ ಮುಚ್ಚಿಬಿಡುತ್ತದೆ. ಪಕ್ಕದ ಬೀದಿಯಲ್ಲಿ ಸಂಘವೊಂದು ಇದೇ ಅಕ್ಷರದಲ್ಲಿ ಬಡ ಮಕ್ಕಳಿಗೆ ದನಸಹಾಯ ಘೋಷಿಸಿದೆ. ಕೊಡುವುದು ಹಸುವೋ ಎಮ್ಮೆಯೋ, ಹಟ್ಟಿಯಿಲ್ಲದ ಮಕ್ಕಳು ಎಲ್ಲಿ ಕಟ್ಟಬೇಕೋ ತಿಳಿಯದು.

ಅಕ್ಷರವನ್ನು ಬಯ್ಯುವಂತಿಲ್ಲ, ಅದರ ವಂಶ ಒಳ್ಳೆಯದೇ. ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರಾಬರ್ಟ್ ಸ್ಮಿತ್ ಎಂಬವರು 1942ರಲ್ಲಿ ‘ಬ್ರಷ್ ಸ್ಕ್ರಿಪ್ಟ್’ ರೂಪಿಸಿದರು. ಅಚ್ಚಿನ ಮೊಳೆಯೇ ಆದರೂ ಜಾಹೀರಾತು ಈಗಷ್ಟೇ ಯಾರೋ ಕುಂಚದಿಂದ ಬರೆದಿಟ್ಟಂತೆ ಕಾಣಬೇಕು ಎಂಬುದು ಅದರ ಉಪಾಯ. ನಮ್ಮಲ್ಲಿಯೂ ಸಿನಿಮಾ ಪೋಸ್ಟರು, ಲಾರಿಯ ಹಿಂಭಾಗ, ಗೋಡೆಬರಹಗಳಲ್ಲಿ ಕುಂಚ ಕುಣಿದಾಡಿದೆ. ಎರಡೇ ಪದ, ಮೊಳದುದ್ದದ ಅಕ್ಷರ, ಓಡುವ ಬಸ್ಸಿನ ಕಿಟಕಿಯಿಂದ ಒಂದೇ ನೋಟ, ಅಷ್ಟಿದ್ದರೆ ಅದಕ್ಕೆ ಸಾಟಿಯಿಲ್ಲ. ‘ಕಬಡ್ಡಿ ಪಂದ್ಯಾವಳಿ’ ಎಂದು ಬರೆದು ತಲಕಟ್ಟನ್ನು ಚಾಟಿಯಂತೆ ಬೀಸಿದರೆ ಮನೆಯಲ್ಲಿ ಕುಳಿತವನೂ ತೊಡೆ ತಟ್ಟುತ್ತಾನೆ. ‘ಬಿಸಿ ಬಿಸಿ ಬಜ್ಜಿ’ಗೆ ಅದು ಎಣ್ಣೆಯಷ್ಟೇ ಅಗತ್ಯ.

ಆದರೆ ಅದು ಕೂಗುವ ಅಕ್ಷರ. ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ‘ದಯವಿಟ್ಟು ನಿಶ್ಶಬ್ದವಾಗಿರಿ’ ಎಂದು ಅದು ಗಂಟಲು ಹರಿದುಕೊಳ್ಳುವುದನ್ನು ಕಂಡಿದ್ದೇನೆ. ಇನ್ನೊಂದೆಡೆ ಕಣ್ಣಿನ ತಪಾಸಣಾ ಶಿಬಿರದ ಹತ್ತು ಸಾಲಿನ ವಿವರವೆಲ್ಲ ಇದರಲ್ಲೇ ಇತ್ತು. ಓದಲಾಗದವರೆಲ್ಲ ಒಳಗೆ ಬನ್ನಿ ಎಂಬುದು ಲೆಕ್ಕಾಚಾರವಿರಬೇಕು, ಆಯೋಜಕರು ಜಾಣರು.

ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆಯೊಂದು ನಮ್ಮ ರಾಜ್ಯದಲ್ಲಿದೆ. ಅಕ್ಷರಗಳ ವಿರೂಪ ಅದರ ವ್ಯಾಪ್ತಿಗೆ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಫ್ಲೆಕ್ಸ್‌ಗಳು ಕೆಳಗಿಳಿದವು, ಅವುಗಳ ಹಿಂದೆ ಮರಗಳಿದ್ದದ್ದು ಜನರಿಗೆ ಗೊತ್ತಾಯಿತು. ಆಮೇಲೆ ಯಥಾಪ್ರಕಾರ.

ಇಷ್ಟು ಬಯ್ದುಕೊಂಡು ಅದೇ ವಾರ ನಾನೂ ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಚಿಕ್ಕಪ್ಪನ ವೈಕುಂಠ ಸಮಾರಾಧನೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು, ಕಾಪಿ ಪುಸ್ತಕದಲ್ಲಿ ಸೀಳು ಮರೆತವರ ಕಿವಿ ಹಿಂಡಿದವರು. ಕಂಪ್ಯೂಟರಿನ ಮುಂದಿದ್ದ ಹುಡುಗ ಕಣ್ಣು ಮಿಟುಕಿಸುವುದರಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಮೂಡಿಸಿದ. ಕೆಂಪು ಕುಂಚ, ತುದಿಗಳಿಂದ ಸಿಡಿದ ಹನಿಗಳು. ಕೆಳಗೆ ವಿಭೂತಿ ಧರಿಸಿದ ಚಿಕ್ಕಪ್ಪನ ಭಾವಚಿತ್ರ. ಮೇಷ್ಟರು ತೀರಿಕೊಂಡಂತೆ ಕಾಣಲಿಲ್ಲ, ಯಾರನ್ನೋ ತೀರಿಸಿ ಬಂದಂತಿದ್ದರು.

‘ಸ್ವಲ್ಪ ಸೌಮ್ಯವಾದ ಅಕ್ಷರ ಇಲ್ಲವೇನಪ್ಪಾ?’

‘ಈಗ ಓಡುತ್ತಿರುವುದು ಇದೇ ಸರ್. ಮದುವೆಗೂ ಇದೇ, ಗೃಹಪ್ರವೇಶಕ್ಕೂ ಇದೇ.’

‘ಬಣ್ಣವನ್ನಾದರೂ ಕಪ್ಪು ಮಾಡು.’

ಮಾಡಿದ. ಈಗ ಚಿಕ್ಕಪ್ಪ ಅದೇ ಕೆಲಸವನ್ನು ರಾತ್ರಿ ಹೊತ್ತು ಮುಗಿಸಿ ಬಂದಂತಿದ್ದರು.

ಹಿಂಭಾಗದಲ್ಲಿ ಹುಡುಗನ ತಂದೆ ಮರದ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು. ಒಂದು ಕಾಲಕ್ಕೆ ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ. ಫ್ಲೆಕ್ಸ್ ಬಂದ ಮೇಲೆ ಕುಂಚ ತೊಳೆದಿಟ್ಟು ಸುತ್ತಿಗೆ ಹಿಡಿದಿದ್ದಾರೆ. ಅಚ್ಚಾಗಿ ಬಂದ ಫ್ಲೆಕ್ಸನ್ನು ನೆಲದ ಮೇಲೆ ಹಾಸಿ, ಕನ್ನಡಕ ಮೇಲೇರಿಸಿ ನೋಡಿದರು. ‘ಭಾ’ದ ದೀರ್ಘದ ಬಾಲದಲ್ಲಿ ಬಣ್ಣ ತೀರಿದ ಮೂರು ಬಿಳಿ ಗೆರೆಗಳಿದ್ದವು. ‘ದ್ಧಾ’ದ ಬಾಲದಲ್ಲೂ ಮೂರು, ಅದೇ ಉದ್ದ, ಅದೇ ಓರೆ.

‘ಇದು ಯಾವ ಕುಂಚ ಮಾರಾಯರೇ,’ ಎಂದರು, ‘ಅಳತೆಪಟ್ಟಿ ಇಟ್ಟುಕೊಂಡು ಬಣ್ಣ ಮುಗಿಸುವುದು?’

ಆಮೇಲೆ ಭಾವಚಿತ್ರದ ಕಡೆ ನೋಡಿ, ‘ಮೇಷ್ಟರದ್ದಲ್ಲವೇ?’ ಎನ್ನುತ್ತ ಜೇಬಿನಿಂದ ಅರ್ಧ ಬ್ಲೇಡು ತೆಗೆದರು. ಧಕಾರದ ಒತ್ತಿನ ಹೊಟ್ಟೆಯನ್ನು ಮೆಲ್ಲಗೆ ಕೆರೆದರು. ಕಪ್ಪು ಎದ್ದು ಬಂದು ಬಿಳಿ ಸೀಳು ಮೂಡಿತು. ‘ಭಾ’ಗೂ ಒಂದು ಕೊಟ್ಟರು.

ಬಸ್ ನಿಲ್ದಾಣದ ಎದುರಿನವರಿಗೂ ಒಂದು ಗೀರು ಎಳೆದು ಬರಬಹುದಲ್ಲ ಎಂದೆ.

‘ಅವರು ಇಪ್ಪತ್ತು ಅಡಿ ಮೇಲಿದ್ದಾರೆ,’ ಎಂದರು ಬ್ಲೇಡು ಒರೆಸುತ್ತ. ‘ಏಣಿಯ ಬಾಡಿಗೆ ಯಾರು ಕೊಡುತ್ತಾರೆ?’