ಲಕ್ವ ಹೊಡೆದಾಗ ಹೊತ್ತು ಎಲ್ಲಿ ಸೋರುತ್ತದೆ?

ನಮ್ಮ ರಾಯಚೂರು ಜಿಲ್ಲೆಯಲ್ಲಿ ಯಾರಿಗಾದರೂ ಲಕ್ವ, ಅಂದರೆ ಪಾರ್ಶ್ವವಾಯು, ಹೊಡೆದು ಚಿಕಿತ್ಸೆ ತಡವಾಯಿತೆಂದರೆ ಎಲ್ಲರೂ ದೂರುವುದು ದಾರಿಯನ್ನು. ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳಿಗೆ ಜಿಲ್ಲಾ ಕೇಂದ್ರ ದೂರವೆಂಬುದು ಸುಳ್ಳಲ್ಲ. ಆದರೂ ನಾನು ಕಂಡಮಟ್ಟಿಗೆ ದಾರಿಗಿಂತ ಹೆಚ್ಚು ಹೊತ್ತು ಸೋರುವುದು ಮನೆಯ ಪಡಸಾಲೆಯಲ್ಲಿ ಮತ್ತು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ. ಇವೆರಡನ್ನು ತಡೆಯಲು ಹೊಸ ಕಟ್ಟಡವೂ ಬೇಕಿಲ್ಲ, ಹೊಸ ಹೆದ್ದಾರಿಯೂ ಬೇಕಿಲ್ಲ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಲಕ್ಷಣ ಶುರುವಾದ 4.5 ಗಂಟೆಯೊಳಗೆ ಅದನ್ನು ಕೊಡಬೇಕು. ಆ ಗಡುವಿನೊಳಗೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲೇ ಅಂದಾಜಿಸಲಾಗಿದೆ. ಆದರೆ ಲಕ್ವ ರಕ್ತನಾಳ ಒಡೆದೂ ಬರಬಹುದು, ಆಗ ಇದೇ ಇಂಜೆಕ್ಷನ್ ಪ್ರಾಣಕ್ಕೆ ಎರವಾದೀತು. ಎರಡರಲ್ಲಿ ಯಾವುದೆಂದು ಎಂಥ ಅನುಭವಿ ವೈದ್ಯರಿಗೂ ಹೊರನೋಟಕ್ಕೆ ಖಚಿತವಾಗಿ ತಿಳಿಯುವುದಿಲ್ಲ. ಸಿಟಿ ಸ್ಕ್ಯಾನ್ ಆಗಲೇಬೇಕು. ಹೀಗಿರುವಾಗ ಸ್ಕ್ಯಾನ್ ಇಲ್ಲದ ಕಡೆ ಸಲೈನ್ ಹಚ್ಚಿಸಿ ಬೆಳಗಿನವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಪಾರಿವಾಳದ ರಕ್ತ ಹಚ್ಚುವವರನ್ನು ಹುಡುಕಿಕೊಂಡು ಹೋಗುವವರ ಬಗ್ಗೆ ಏನು ಹೇಳಲಿ!

ಬಾಯಿ ಸೊಟ್ಟಗಾಗುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಹಠಾತ್ತಾಗಿ ಕಂಡರೂ 108ಕ್ಕೆ ಕರೆ ಮಾಡಬೇಕು. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ಇಷ್ಟನ್ನು ಬಹಳ ಜನ ಬರೆದಿದ್ದಾರೆ. ಆದರೆ ಯಾರೂ ಅಷ್ಟಾಗಿ ಹೇಳದ ಮಾತೊಂದಿದೆ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ‘ಇವರು ಕೊನೆಯ ಸಲ ಎಷ್ಟು ಗಂಟೆಗೆ ಚೆನ್ನಾಗಿದ್ದರು?’ ಎಂಬುದು, 4.5 ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಅದಕ್ಕೆ ಉತ್ತರ ಗೊತ್ತಿರುವುದು ಸಾಮಾನ್ಯವಾಗಿ ಬೆಳಗ್ಗೆ ಚಹಾ ಕೊಟ್ಟ ಸೊಸೆಗೆ ಅಥವಾ ಹೆಂಡತಿಗೆ. ಗಾಡಿ ಹತ್ತುವವರು ಮಾತ್ರ ಹೊಲದಿಂದ ಓಡಿಬಂದ ಅಣ್ಣತಮ್ಮಂದಿರು. ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೊರಡುವ ಈ ರೂಢಿಯಿಂದಾಗಿ, ಹೊತ್ತು ತಿಳಿಯದೆ ಇಂಜೆಕ್ಷನ್ ಕೈತಪ್ಪಬಹುದು. ಕಣ್ಣಾರೆ ಕಂಡವರು ಗಾಡಿಯಲ್ಲಿರಲಿ, ಇಲ್ಲವೇ ಫೋನಿಗಾದರೂ ಸಿಗಲಿ. ದಿನನಿತ್ಯ ನುಂಗುವ ಮಾತ್ರೆಗಳ ಚೀಲವೂ ಜೊತೆಗೆ ಬರಲಿ.

ಇನ್ನು ಆಸ್ಪತ್ರೆಯ ಮಾತು. ಬಂಧುವೊಬ್ಬರನ್ನು ಕರೆತಂದಾಗ ಕಂಡದ್ದು ಹೀಗಿತ್ತು: ಸ್ಟ್ರೆಚರ್ ಬಾಗಿಲ ಬಳಿ ನಿಂತಿದೆ, ಮಗ ಆಧಾರ್ ಕಾರ್ಡಿನ ಜೆರಾಕ್ಸ್ ತರಲು ರಸ್ತೆಯಾಚೆ ಓಡಿದ್ದಾನೆ, ಸ್ಕ್ಯಾನ್ ಕೋಣೆ ಅದೇ ಮೊಗಸಾಲೆಯ ಕೊನೆಯಲ್ಲಿ ಖಾಲಿ ಇದೆ. ಸ್ಕ್ಯಾನ್ ಆದ ಮೇಲೆ ರಕ್ತದ ರಿಪೋರ್ಟುಗಳಿಗಾಗಿ ಮತ್ತೆ ಕಾಯುವುದು. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಕೆಲಸದ ಸರದಿಯನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೆ. ಇಂಜೆಕ್ಷನ್‌ಗೆ ಮುನ್ನ ಎಲ್ಲ ರೋಗಿಗಳಿಗೂ ನೋಡಲೇಬೇಕಾದ ರಕ್ತಪರೀಕ್ಷೆ ಸಕ್ಕರೆ ಪ್ರಮಾಣವೊಂದೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವಂಥವರನ್ನು ಬಿಟ್ಟರೆ ಉಳಿದ ವರದಿಗಳಿಗಾಗಿ ತಡೆಯಬೇಕಿಲ್ಲ.

ಫಿನ್ಲೆಂಡಿನ ಹೆಲ್ಸಿಂಕಿಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 1998ರಲ್ಲಿ ರೋಗಿ ಬಾಗಿಲಿಗೆ ಬಂದು ಇಂಜೆಕ್ಷನ್ ಪಡೆಯಲು ಹಿಡಿಯುತ್ತಿದ್ದುದು ಸುಮಾರು 105 ನಿಮಿಷ. 2011ರ ಹೊತ್ತಿಗೆ ಅದು 20ಕ್ಕೆ ಇಳಿಯಿತು. ಅವರು ಮಾಡಿದ್ದರಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಆಂಬುಲೆನ್ಸಿನವರು ದಾರಿಯಲ್ಲೇ ಫೋನ್ ಮಾಡಿ ರೋಗಿಯ ವಿವರ ತಿಳಿಸತೊಡಗಿದರು, ರೋಗಿಯನ್ನು ವಾರ್ಡಿಗೆ ಒಯ್ಯದೆ ನೇರವಾಗಿ ಸ್ಕ್ಯಾನ್ ಮೇಜಿಗೆ ತಂದರು, ಇಂಜೆಕ್ಷನ್ನನ್ನು ಅದೇ ಮೇಜಿನ ಮೇಲೆ ಶುರುಮಾಡಿದರು. ಫಿನ್ಲೆಂಡ್ ಶ್ರೀಮಂತ ದೇಶ, ನಮ್ಮಲ್ಲಿ ಅದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಮುಂಚಿತವಾಗಿ ಮಾಡುವ ಒಂದು ಫೋನ್ ಕರೆಗೆ ಎಷ್ಟು ಶ್ರೀಮಂತಿಕೆ ಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನನ್ನ ಒತ್ತಾಯ ಇಷ್ಟೇ: ಲಕ್ವದ ರೋಗಿಯ ನೋಂದಣಿ, ಹಣ, ಕಾಗದಪತ್ರ ಎಲ್ಲವೂ ಸ್ಕ್ಯಾನ್ ಆದ ಮೇಲೆ ನಡೆಯಲಿ, 108ರ ಸಿಬ್ಬಂದಿ ದಾರಿಯಲ್ಲೇ ಕರೆ ಮಾಡಲು ಪ್ರತಿ ಆಸ್ಪತ್ರೆಯಲ್ಲೂ ಹಗಲಿರುಳು ಎತ್ತುವ ಒಂದೇ ನಂಬರ್ ಇರಲಿ, ರೋಗಿ ಬಂದ ವೇಳೆ, ಸ್ಕ್ಯಾನ್ ವೇಳೆ, ಇಂಜೆಕ್ಷನ್ ವೇಳೆ ಮೂರನ್ನೂ ಬರೆದಿಟ್ಟು ತಿಂಗಳಿಗೊಮ್ಮೆ ಲೆಕ್ಕವನ್ನು ಫಲಕದ ಮೇಲೆ ಹಾಕಲಿ. ಸರ್ಕಾರಿ ಆಸ್ಪತ್ರೆಯ ಮೇಲ್ವಿಚಾರಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಹೋಗುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಅಲ್ಲಿ ಇದನ್ನು ಕೇಳಿ.